ಲೂಸಿಲ್ ಬಾಲ್ ಅವರನ್ನು ನೋಡೋಕೆ ಎಲ್ಲಿಂದ ಶುರು ಮಾಡಬೇಕು

ಚಾಕೊಲೇಟನ್ನು ಬಾಯಿಗೆ, ಟೋಪಿಗೆ, ಅಂಗಿಯೊಳಗೆ ತುರುಕಿಕೊಳ್ಳುವ ಹೆಂಗಸಿನ ಕಪ್ಪು-ಬಿಳುಪು ತುಣುಕನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಅವರೇ ಅಮೆರಿಕದ ಹಾಸ್ಯನಟಿ ಲೂಸಿಲ್ ಬಾಲ್. ಆದರೆ ಅವರ ಟಿವಿ ಹಾಸ್ಯ ಸರಣಿ 'ಐ ಲವ್ ಲೂಸಿ'ಯನ್ನು ಕೂತು ನೋಡಿದವರು ನಮ್ಮಲ್ಲಿ ಕಡಿಮೆ. ನೋಡಬೇಕು ಅಂತ ಆಸೆ ಇದ್ದು, ಹೇಗೆ ಶುರು ಮಾಡೋದು ಗೊತ್ತಾಗದವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲನೇ ಕಂತಿನಿಂದ ಸಾಲಾಗಿ ನೋಡಬೇಡಿ. ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 1951ರ ಅಕ್ಟೋಬರ್ 15ರಂದು ಶುರುವಾದ ಈ ಕಾರ್ಯಕ್ರಮ 1957ರವರೆಗೆ ಬಂತು, ಒಟ್ಟು 180 ಕಂತು. ಆರಂಭದ ಕೆಲವು ಕಂತುಗಳಲ್ಲಿ ಎಲ್ಲರೂ ಇನ್ನೂ ಕೈ ಕುದುರಿಸಿಕೊಳ್ಳುತ್ತಿದ್ದಾರೆ. ಹೆಚ್ಚಿನ ಕಥೆಗಳು ಒಂದೇ ಕಂತಿನಲ್ಲಿ ಮುಗಿಯುವುದರಿಂದ ಎಲ್ಲಿಂದ ಹಿಡಿದರೂ ಅರ್ಥವಾಗುತ್ತದೆ. ಇಷ್ಟು ಗೊತ್ತಿದ್ದರೆ ಸಾಕು: ನ್ಯೂಯಾರ್ಕಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಲೂಸಿ ಎಂಬ ಗೃಹಿಣಿ. ಗಂಡ ರಿಕಿ ಕ್ಯೂಬಾದವನು, ಕ್ಲಬ್ಬಿನಲ್ಲಿ ಬ್ಯಾಂಡ್ ನಡೆಸುತ್ತಾನೆ. ಎಥೆಲ್ ಮತ್ತು ಫ್ರೆಡ್ ಆ ಮನೆಯ ಮಾಲೀಕರು, ಜೊತೆಗೆ ಗೆಳೆಯರು. ಲೂಸಿಗೆ ಹೇಗಾದರೂ ಮಾಡಿ ತಾನೂ ಸ್ಟೇಜ್ ಹತ್ತಬೇಕೆಂಬ ಹುಚ್ಚು.

ಬಣ್ಣ ಹಚ್ಚಿದ ಕಂತುಗಳು ಸಿಕ್ಕರೂ ಕಪ್ಪು-ಬಿಳುಪಿನದ್ದನ್ನೇ ನೋಡಿ, ಆ ಬೆಳಕನ್ನು ಹೊಂದಿಸಿದ್ದೇ ಅದಕ್ಕಾಗಿ. ಸಬ್‌ಟೈಟಲ್ ಹಾಕಿಕೊಳ್ಳಿ, ಸಂಕೋಚ ಬೇಡ. ರಿಕಿ ಕೋಪದಲ್ಲಿ ಸ್ಪ್ಯಾನಿಷ್‌ನಲ್ಲಿ ಬಡಬಡಿಸುವಾಗ ಅರ್ಥ ಹುಡುಕಲು ಹೋಗಬೇಡಿ, ಅಲ್ಲಿ ನಗು ಇರುವುದು ಲೂಸಿಯ ಮುಖದಲ್ಲಿ.

ಮೊದಲು 'ಜಾಬ್ ಸ್ವಿಚಿಂಗ್' ನೋಡಿ, 1952ರ ಸೆಪ್ಟೆಂಬರಿನದ್ದು. ಗಂಡಸರು ಮನೆ ನೋಡಿಕೊಳ್ಳುತ್ತಾರೆ, ಹೆಂಗಸರು ದುಡಿಯಲು ಹೋಗುತ್ತಾರೆ. ಅತ್ತ ಅನ್ನಕ್ಕಿಟ್ಟ ಅಕ್ಕಿಯ ಅಳತೆ ತಪ್ಪಿ ಪಾತ್ರೆ ಉಕ್ಕಿ ಅಡುಗೆಮನೆಯೆಲ್ಲ ಅನ್ನ. ಇತ್ತ ಲೂಸಿ ಮತ್ತು ಎಥೆಲ್ ಚಾಕೊಲೇಟ್ ಕಾರ್ಖಾನೆಯಲ್ಲಿ, ಬೆಲ್ಟಿನ ಮೇಲೆ ಬರುವ ಚಾಕೊಲೇಟಿಗೆ ಕಾಗದ ಸುತ್ತುವ ಕೆಲಸ. ಬೆಲ್ಟ್ ವೇಗ ಜಾಸ್ತಿಯಾಗುತ್ತದೆ. ಇಲ್ಲಿ ಲೂಸಿಲ್ ಅವರ ಕಣ್ಣನ್ನು ನೋಡಿ. 'ನಾನು ತಮಾಷೆ ಮಾಡ್ತಿದ್ದೀನಿ, ನೋಡಿ' ಎಂಬ ಸುಳಿವು ಎಲ್ಲೂ ಇಲ್ಲ. ಕೆಲಸ ಹೋಗುತ್ತಲ್ಲಾ ಎಂಬ ನಿಜವಾದ ಭಯ ಇದೆ. ಒಂದು ಚಾಕೊಲೇಟೂ ಸುತ್ತದೆ ಮುಂದೆ ಹೋಗಬಾರದು ಎಂದು ಮೇಲ್ವಿಚಾರಕಿ ಗದರಿದ್ದಾಳೆ, ಲೂಸಿ ಅದನ್ನು ಪೂರ್ತಿ ನಂಬಿದ್ದಾಳೆ, ಹಾಗಾಗಿಯೇ ಬಾಯಿಗೆ ತುರುಕಿಕೊಳ್ಳುವುದು ಅವಳಿಗೆ ಬೇರೆ ದಾರಿಯೇ ಇಲ್ಲದ ಕೆಲಸವಾಗುತ್ತದೆ. ನನ್ನ ಪ್ರಕಾರ ಅವರ ಹಾಸ್ಯದ ಗುಟ್ಟೆಲ್ಲ ಈ ನಂಬಿಕೆಯಲ್ಲಿದೆ. ಮುಂದೆ ಯಾವ ಕಂತು ನೋಡಿದರೂ ಇದನ್ನೇ ಹುಡುಕಿ.

ಎರಡನೆಯದಾಗಿ 'ಲೂಸಿ ಡಸ್ ಎ ಟಿವಿ ಕಮರ್ಷಿಯಲ್', ಅದೇ ವರ್ಷದ ಮೇ ತಿಂಗಳಿನದ್ದು. ಇದನ್ನು ಎರಡು ಸಲ ನೋಡಲೇಬೇಕು. ಲೂಸಿ ಟಿವಿ ಜಾಹೀರಾತಿಗೆ ಒಂದು ಟಾನಿಕ್ ಮಾರುವವಳಾಗಿ ನಿಲ್ಲುತ್ತಾಳೆ. ಹೆಸರು ವೈಟಮೀಟವೆಜಮಿನ್. ಅದರಲ್ಲಿ ಶೇಕಡಾ 23 ಆಲ್ಕೋಹಾಲ್ ಇದೆ, ಅವಳಿಗೆ ಗೊತ್ತಿಲ್ಲ. ಪ್ರತಿ ರಿಹರ್ಸಲ್‌ಗೂ ಒಂದು ಚಮಚ ಕುಡಿಯಬೇಕು. ಮೊದಲ ಸಲ ಮಾತಿನ ಸಮೇತ ನೋಡಿ ನಕ್ಕುಬಿಡಿ. ಎರಡನೇ ಸಲ ಸದ್ದು ಪೂರ್ತಿ ತೆಗೆದು ನೋಡಿ. ಮೊದಲ ಚಮಚ ಬಾಯಿಗಿಟ್ಟಾಗ ಮುಖ ಕಹಿಯಲ್ಲಿ ಮುದುಡುತ್ತದೆ, ಅದರ ಮೇಲೆ ಜಾಹೀರಾತಿನ ನಗುವನ್ನು ಬಲವಂತವಾಗಿ ತರುತ್ತಾರೆ. ನಂತರದ ಚಮಚಗಳಲ್ಲಿ ಆ ಕಹಿ ಸ್ವಲ್ಪಸ್ವಲ್ಪವೇ ಕರಗಿ ಕೊನೆಗೆ ಅದೇ ಟಾನಿಕ್ ರುಚಿಯಾಗಿಬಿಡುತ್ತದೆ, ಚಮಚಕ್ಕೆ ಸುರಿಯುವ ಕೈ ಗುರಿ ತಪ್ಪುತ್ತದೆ, ಆದರೂ ಒಂದು ಹಂತದಿಂದ ಇನ್ನೊಂದಕ್ಕೆ ಎಲ್ಲೂ ಜಿಗಿತ ಇಲ್ಲ. ಕುಡುಕರ ಪಾತ್ರವೆಂದರೆ ತೂರಾಡುವುದು ಅಂದುಕೊಂಡಿರುವ ನಟರು ಇದನ್ನು ಪಾಠದಂತೆ ನೋಡಬೇಕು.

ಈ ಎರಡು ಕಂತು ಆದ ಮೇಲೆ ಅವರ ಬದುಕನ್ನು ಓದಿ, ಮೊದಲೇ ಬೇಡ. ಈಗ ಓದಿದರೆ, ಈ ಕೈಗಳು ಎಲ್ಲಿ ಪಳಗಿದವು ಎಂಬ ಪ್ರಶ್ನೆ ನಿಮ್ಮೊಳಗೇ ಹುಟ್ಟಿರುತ್ತದೆ. 1911ರ ಆಗಸ್ಟ್ 6ರಂದು ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ ಹುಟ್ಟಿದರು. ಮೂರು ವರ್ಷದವರಿದ್ದಾಗ ಟೈಫಾಯ್ಡ್‌ನಿಂದ ಅಪ್ಪ ತೀರಿಕೊಂಡರು. ಹದಿಹರೆಯದಲ್ಲಿ ನಾಟಕ ಶಾಲೆ ಸೇರಿದರು, ಇವಳಿಂದ ಆಗುವುದಿಲ್ಲ ಎಂದು ಅಲ್ಲಿಯವರು ಕೈಬಿಟ್ಟರು. ಮಾಡೆಲಿಂಗ್ ಮಾಡಿಕೊಂಡಿದ್ದು 1933ರಲ್ಲಿ ಹಾಲಿವುಡ್‌ಗೆ ಹೋದರು. ಅಲ್ಲಿಂದ ವರ್ಷಗಟ್ಟಲೆ ಚಿಕ್ಕಪುಟ್ಟ ಪಾತ್ರ, ಕಡಿಮೆ ಖರ್ಚಿನ ಸಿನಿಮಾ. ದೊಡ್ಡ ತಾರೆ ಆಗಲಿಲ್ಲ. ಆದರೆ ಮೂಕಿ ಚಿತ್ರಗಳ ಮಹಾನ್ ಹಾಸ್ಯನಟ ಬಸ್ಟರ್ ಕೀಟನ್ ಎಂಜಿಎಂ ಸ್ಟುಡಿಯೋದಲ್ಲಿ ಇವರ ಪ್ರತಿಭೆ ಗುರುತಿಸಿ, ವಸ್ತುಗಳನ್ನು ಇಟ್ಟುಕೊಂಡು ನಗಿಸುವುದು ಹೇಗೆಂದು ಹೇಳಿಕೊಟ್ಟರು. ಆ ಬಾಟಲಿ, ಆ ಚಮಚ ನೆನಪಿಸಿಕೊಳ್ಳಿ.

'ಐ ಲವ್ ಲೂಸಿ' ಶುರುವಾದಾಗ ಅವರಿಗೆ 40 ವರ್ಷ. ಮಗಳು ಹುಟ್ಟಿ ಮೂರು ತಿಂಗಳು! ರೇಡಿಯೋದಲ್ಲಿ ಅವರು ಮಾಡುತ್ತಿದ್ದ ಹಾಸ್ಯ ಕಾರ್ಯಕ್ರಮ ಜನಪ್ರಿಯವಾಗಿತ್ತು, ಅಂಥದ್ದನ್ನು ಟಿವಿಗೆ ತನ್ನಿ ಎಂದು ಸಿಬಿಎಸ್ ಕೇಳಿತು. ಗಂಡನ ಪಾತ್ರಕ್ಕೆ ನನ್ನ ನಿಜವಾದ ಗಂಡ ಡೆಸಿ ಆರ್ನಾಜ್ ಅವರೇ ಬೇಕು ಎಂದು ಇವರು ಹಟ ಹಿಡಿದರು. ಕ್ಯೂಬಾದವನನ್ನು ಅಮೆರಿಕದ ಹೆಂಡತಿಯ ಜೊತೆ ಜನ ಒಪ್ಪುತ್ತಾರಾ ಎಂದು ಚಾನೆಲ್‌ನವರಿಗೆ ಅನುಮಾನ. ಗಂಡ ಹೆಂಡತಿ ಇಬ್ಬರೂ ಸೇರಿ 1950ರಲ್ಲಿ ಊರೂರು ಸುತ್ತಿ ಸ್ಟೇಜ್ ಮೇಲೆ ಒಟ್ಟಿಗೆ ಕಾರ್ಯಕ್ರಮ ಕೊಟ್ಟು, ಜನ ಒಪ್ಪುತ್ತಾರೆ ಎಂದು ತೋರಿಸಿಯೇಬಿಟ್ಟರು.

ಇಲ್ಲಿಂದ ಮುಂದೆ ನೋಡುವಾಗ ಕಿವಿಯನ್ನೂ ಕೊಡಿ. ಆ ನಗು ಸ್ಟುಡಿಯೋದಲ್ಲಿ ಎದುರಿಗೆ ಕೂತ ಪ್ರೇಕ್ಷಕರದ್ದು. ಆಗ ಹೆಚ್ಚಿನ ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ನೇರ ಪ್ರಸಾರವಾಗುತ್ತಿದ್ದವು, ಬೇರೆ ಕಡೆಗೆ ಹೋಗುತ್ತಿದ್ದದ್ದು ಪರದೆಯಿಂದ ತೆಗೆದ ಮಸುಕು ನಕಲು. ಇವರಿಬ್ಬರೂ ಲಾಸ್ ಏಂಜಲೀಸ್ ಬಿಡಲು ಒಪ್ಪದೆ 35 ಎಂಎಂ ಫಿಲ್ಮಿನಲ್ಲಿ, ಮೂರು ಕ್ಯಾಮೆರಾ ಇಟ್ಟು, ಪ್ರೇಕ್ಷಕರ ಎದುರಿಗೇ ಚಿತ್ರಿಸಿದರು. ಎಲ್ಲ ಕ್ಯಾಮೆರಾಗೂ ಹೊಂದುವಂತೆ ಬೆಳಕನ್ನು ರೂಪಿಸಿದವರು ಜರ್ಮನಿಯಿಂದ ಬಂದ ಕಾರ್ಲ್ ಫ್ರಾಯ್ಂಡ್. ಖರ್ಚು ಹೆಚ್ಚಾಗುತ್ತದೆ ಎಂದಾಗ ಸಂಬಳ ಕಡಿಮೆ ಮಾಡಿಕೊಂಡು, ಬದಲಿಗೆ ಆ ಫಿಲ್ಮಿನ ಮಾಲೀಕತ್ವವನ್ನು ತಮ್ಮ ಡೆಸಿಲೂ ಕಂಪನಿಗೆ ಇಟ್ಟುಕೊಂಡರು. ಇವತ್ತು ಈ ಕಂತುಗಳು ಇಷ್ಟು ಸ್ವಚ್ಛವಾಗಿ ನಮಗೆ ಕಾಣುವುದು ಆ ನಿರ್ಧಾರದಿಂದ. ಪ್ರೇಕ್ಷಕರ ನಗು ಏರಿ ಇಳಿಯುವವರೆಗೂ ಲೂಸಿಲ್ ಮುಂದಿನ ಮಾತು ಹೇಗೆ ತಡೆದು ನಿಲ್ಲಿಸುತ್ತಾರೆ, ಕಂಪನಿ ನಾಟಕದ ಪಳಗಿದ ನಟರ ಹಾಗೆ, ಗಮನಿಸಿ.

ಇದೆಲ್ಲ ಆ ಕ್ಷಣಕ್ಕೆ ಹೊಳೆದದ್ದು ಅಂತ ಮಾತ್ರ ಅಂದುಕೊಳ್ಳಬೇಡಿ. ಅವರು ರಿಹರ್ಸಲ್ ಮೇಲೆ ರಿಹರ್ಸಲ್ ಮಾಡುತ್ತಿದ್ದರು. ಬರೆಯುತ್ತಿದ್ದ ಜೆಸ್ ಓಪನ್‌ಹೈಮರ್, ಮ್ಯಾಡೆಲಿನ್ ಪ್ಯೂ, ಬಾಬ್ ಕ್ಯಾರಲ್ ಈ ಮೂವರ ಹೆಸರನ್ನೂ ನೆನಪಿಡಿ. ಒಂದು ಕಸರತ್ತು ಹೆಂಗಸರಿಗೆ ಮಾಡಲಾಗುತ್ತದಾ ಎಂದು ಪ್ಯೂ ಮೊದಲು ತಾವೇ ಮಾಡಿ ನೋಡುತ್ತಿದ್ದರು.

ಮೂರನೆಯ ಕಂತು 'ಲೂಸಿ ಗೋಸ್ ಟು ದಿ ಹಾಸ್ಪಿಟಲ್', 1953ರ ಜನವರಿ 19. ಲೂಸಿಲ್ ನಿಜವಾಗಿ ಬಸುರಿಯಾಗಿದ್ದರು, ಅದನ್ನು ಕಥೆಗೇ ಸೇರಿಸಿದರು. ಬಸಿರು ಎಂಬ ನೇರ ಪದವನ್ನೇ ಚಾನೆಲ್ ಒಪ್ಪದೆ ಬಳಸುಮಾತಿನಲ್ಲಿ ಹೇಳಿಸಿದ ಕಾಲ ಅದು. ಟಿವಿಯಲ್ಲಿ ಲೂಸಿಗೆ ಗಂಡುಮಗು ಹುಟ್ಟಿದ ದಿನವೇ ಲೂಸಿಲ್ ಅವರಿಗೂ ಸಿಸೇರಿಯನ್ ಆಗಿ ಮಗ ಹುಟ್ಟಿದ. ಸುಮಾರು 4.4 ಕೋಟಿ ಜನ ನೋಡಿದರು. ಮರುದಿನದ ಅಧ್ಯಕ್ಷ ಐಸೆನ್‌ಹೋವರ್ ಪ್ರಮಾಣವಚನಕ್ಕೂ ಅಷ್ಟು ಜನ ಇರಲಿಲ್ಲ.

ಆಮೇಲೆ ನಿಮ್ಮಿಷ್ಟ. ಹಾಲಿವುಡ್ ಪ್ರವಾಸದ ಕಂತುಗಳಲ್ಲಿ ನಕಲಿ ಮೂಗು ಅಂಟಿಸಿಕೊಂಡು ಅದಕ್ಕೇ ಬೆಂಕಿ ತಗುಲಿಸಿಕೊಳ್ಳುವ 'ಎಲ್.ಎ. ಅಟ್ ಲಾಸ್ಟ್' ಬಿಡಬೇಡಿ. ಹಾಸ್ಯನಟ ಹಾರ್ಪೋ ಮಾರ್ಕ್ಸ್ ಎದುರು ಕನ್ನಡಿಯ ಬಿಂಬವಾಗಿ ನಿಲ್ಲುವ ಕಂತು, ಇಟಲಿಯಲ್ಲಿ ದ್ರಾಕ್ಷಿ ತುಳಿಯುವ ಕಂತು ಇವೂ ಬೇಕು. ಒಂದೆರಡರ ನಂತರ ಎಥೆಲ್ ಪಾತ್ರದ ವಿವಿಯನ್ ವಾನ್ಸ್ ಅವರನ್ನು ಮಾತ್ರ ನೋಡುತ್ತಾ ಒಂದು ಕಂತು ಕಳೆಯಿರಿ. ಅವರು ಅಷ್ಟು ಗಟ್ಟಿಯಾಗಿ ಜೊತೆಗೆ ನಿಂತಿದ್ದಕ್ಕೇ ಲೂಸಿಯ ಎಷ್ಟೋ ಹುಚ್ಚಾಟ ನಂಬುವಂತಾಗುತ್ತದೆ.

ಕೆಲವು ಕಡೆ ನಿಮಗೆ ಇರಿಸುಮುರಿಸಾಗುತ್ತದೆ. ರಿಕಿ ಹೆಂಡತಿಯನ್ನು ಮಗುವಿನಂತೆ ಮಡಿಲ ಮೇಲೆ ಹಾಕಿ ಹೊಡೆಯುವ ದೃಶ್ಯಗಳಿವೆ, ಅವು ತಮಾಷೆಯಲ್ಲ. ನನಗೆ ಅಲ್ಲಿ ನಗು ಬರುವುದಿಲ್ಲ. ಮಕ್ಕಳ ಜೊತೆ ನೋಡುವವರು ಅಲ್ಲಿ ನಿಲ್ಲಿಸಿ ಮಾತಾಡಿ. ಪರದೆಯಲ್ಲಿ ಗಂಡನ ಅಪ್ಪಣೆಗೆ ಕಾಯುವ ಈ ಹೆಂಗಸು ಪರದೆಯ ಆಚೆ ಏನಾದರು ಎಂಬುದನ್ನೂ ಆಗಲೇ ಹೇಳಿ: 1960ರಲ್ಲಿ ವಿಚ್ಛೇದನ ಆಯಿತು, 1962ರಲ್ಲಿ ಡೆಸಿಯ ಪಾಲನ್ನೂ ಕೊಂಡು ಲೂಸಿಲ್ ಡೆಸಿಲೂ ಸ್ಟುಡಿಯೋದ ಮುಖ್ಯಸ್ಥೆಯಾದರು. ಅಂಥ ದೊಡ್ಡ ಟಿವಿ ಸ್ಟುಡಿಯೋ ನಡೆಸಿದ ಮೊದಲ ಹೆಂಗಸು ಅವರು. 'ಸ್ಟಾರ್ ಟ್ರೆಕ್', 'ಮಿಷನ್ ಇಂಪಾಸಿಬಲ್' ಟಿವಿ ಸರಣಿಗಳು ಶುರುವಾದದ್ದು ಅವರ ಕೈಕೆಳಗೇ. 1967ರಲ್ಲಿ ಸ್ಟುಡಿಯೋ ಮಾರಿದರು.

ಮುಂದಿನ ಕಾರ್ಯಕ್ರಮಗಳಲ್ಲಿ 1962ರ 'ದಿ ಲೂಸಿ ಶೋ'ದ ಮೊದಲ ವರ್ಷಗಳನ್ನು ನೋಡಿ, ವಿವಿಯನ್ ವಾನ್ಸ್ ಜೊತೆಗಿದ್ದಾರೆ. ಗಂಡ ಸತ್ತವಳೊಬ್ಬಳು, ಗಂಡನನ್ನು ಬಿಟ್ಟವಳೊಬ್ಬಳು ಮಕ್ಕಳೊಂದಿಗೆ ಒಂದೇ ಮನೆಯಲ್ಲಿ ಇರುವ ಕಥೆ, ಆ ಕಾಲಕ್ಕೆ ಧೈರ್ಯದ್ದು. 1968ರ 'ಹಿಯರ್ಸ್ ಲೂಸಿ'ಯಲ್ಲಿ ಅವರ ಸ್ವಂತ ಮಕ್ಕಳಿಬ್ಬರೂ ನಟಿಸಿದ್ದಾರೆ, ಬಿಡುವಿದ್ದರೆ ನೋಡಿ. 1986ರ 'ಲೈಫ್ ವಿತ್ ಲೂಸಿ' ಮಾತ್ರ ಕೊನೆಗಿರಲಿ. 75ರ ವಯಸ್ಸಿನಲ್ಲಿ ಅದೇ ಹಳೇ ಕಸರತ್ತುಗಳನ್ನು ಮಾಡಲು ನಿಂತರು. 13 ಕಂತು ತಯಾರಾಗಿ 8 ಮಾತ್ರ ಪ್ರಸಾರವಾದವು. ಅದೇ ವರ್ಷ ಡಿಸೆಂಬರಿನಲ್ಲಿ ಡೆಸಿ ತೀರಿಕೊಂಡರು, 1989ರ ಏಪ್ರಿಲ್ 26ರಂದು ಲೂಸಿಲ್. ಈ 'ಲೈಫ್ ವಿತ್ ಲೂಸಿ'ಯನ್ನೇ ಮೊದಲು ನೋಡಿದವರಿಗೆ ಈ ಹೆಂಗಸಿನ ಮೇಲೆ ಜನರಿಗೆ ಇಷ್ಟು ಪ್ರೀತಿ ಯಾಕೆಂದು ತಿಳಿಯುವುದೇ ಇಲ್ಲ. ಚಾಕೊಲೇಟು, ಟಾನಿಕ್ಕು, ದ್ರಾಕ್ಷಿ ಎಲ್ಲ ಆದ ಮೇಲೆ ನೋಡಿದರೆ, ಕೈಕಾಲು ನಿಧಾನವಾಗಿದ್ದರೂ ಸಂದರ್ಭವನ್ನು ಮೊದಲಿನಷ್ಟೇ ನಂಬಿ ನಿಂತಿರುವುದು ನಿಮಗೆ ಕಾಣುತ್ತದೆ.