ಲ್ಯಾಪ್‌ಟಾಪಿಗೆ ವೈಫೈ ಸರಿಯಾಗಿ ಸಿಗುತ್ತಿಲ್ವಾ? ದುಡ್ಡು ಹಾಕುವ ಮೊದಲು ಮನೆಯೊಳಗೆ ಒಂದು ಸುತ್ತು ಹೊಡೆಯಿರಿ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮದು ಒನ್ ಬಿಎಚ್‌ಕೆ. ಹಾಲಿನ ಬಾಗಿಲಿನಿಂದ ಬೆಡ್‌ರೂಮಿನ ಕಿಟಕಿಗೆ ಹದಿನಾರು ಹೆಜ್ಜೆ, ಎಣಿಸಿದ್ದೇನೆ. ಇಷ್ಟು ಪುಟ್ಟ ಮನೆಯಲ್ಲಿ ವೈಫೈ ಸಿಗುವುದಿಲ್ಲ ಅಂದರೆ ಊರಿನವರು ನಗುತ್ತಾರೆ. ಆದರೂ ಮನೆಯಿಂದ ಕೆಲಸ ಮಾಡುವ ದಿನ ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಮೀಟಿಂಗಿಗೆ ಕೂತರೆ, ಹತ್ತು ನಿಮಿಷಕ್ಕೊಮ್ಮೆ ನಾನು ಬಾಯಿ ತೆರೆದ ಹಾಗೆಯೇ ಕಲ್ಲಾಗಿ ನಿಂತುಬಿಡುತ್ತಿದ್ದೆ, ಆ ಕಡೆಯವರು ಹಲೋ ಹಲೋ ಅನ್ನುತ್ತಿದ್ದರು. ಕೊನೆಗೆ ಸಿಟ್ಟು ಬಂದು ಎರಡು ಸಾವಿರ ಕೊಟ್ಟು, ಸಿಗ್ನಲನ್ನು ಹಿಡಿದು ಮುಂದಕ್ಕೆ ದಾಟಿಸುವ ಒಂದು ಎಕ್ಸ್‌ಟೆಂಡರ್ ತಂದೆ. ಅದು ಈಗ ಅಟ್ಟದ ಮೇಲೆ ಗಣಪತಿ ಹಬ್ಬದ ಲೈಟಿನ ಸರದ ಜೊತೆ ಡಬ್ಬದಲ್ಲಿದೆ. ತಪ್ಪು ಅದರದ್ದಲ್ಲ. ಕಾಯಿಲೆ ಏನು ಅಂತ ನೋಡದೆ ನಾನೇ ಔಷಧಿ ತಂದಿದ್ದೆ.

ಮೊದಲು ಕೆಟ್ಟಿರುವುದು ವೈಫೈಯೋ ಇಂಟರ್ನೆಟ್ಟೋ ಅನ್ನುವುದನ್ನು ಗೊತ್ತು ಮಾಡಿಕೊಳ್ಳಿ. ಎಷ್ಟೋ ಜನಕ್ಕೆ ಇವೆರಡೂ ಒಂದೇ. ಇಂಟರ್ನೆಟ್ ಹೊರಗಿನಿಂದ ರೂಟರ್ ಅನ್ನುವ ಡಬ್ಬಿಯವರೆಗೆ ಬರುತ್ತದೆ, ಅಲ್ಲಿಂದ ಲ್ಯಾಪ್‌ಟಾಪಿಗೆ ಗಾಳಿಯಲ್ಲಿ ಬರುವುದು ವೈಫೈ. ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ರೂಟರಿನಿಂದ ಒಂದೆರಡು ಮೀಟರ್ ದೂರದಲ್ಲಿ ಕೂತು ಸ್ಪೀಡ್ ಟೆಸ್ಟ್ ಮಾಡಿ. ಅಲ್ಲೂ ಎಳೆದಾಡುತ್ತಿದ್ದರೆ ಲ್ಯಾಪ್‌ಟಾಪ್ ಬಿಡಿ, ಕೇಬಲ್‌ವಾಲಾಗೆ ಫೋನ್ ಮಾಡಿ. ಅಲ್ಲಿ ಚೆನ್ನಾಗಿ ಓಡಿ ಒಳಗಿನ ರೂಮಿನಲ್ಲಿ ಮಾತ್ರ ನಿಲ್ಲುತ್ತಿದ್ದರೆ ಅದು ಸಿಗ್ನಲ್ ಸಮಸ್ಯೆ. ಹಾಗೇ ಆ ರೂಮಿನಲ್ಲಿ, ಅದೇ ಮೇಜಿನ ಮೇಲೆ ಫೋನನ್ನೂ ಇಟ್ಟು ನೋಡಿ. ಫೋನಿಗೆ ಸಿಕ್ಕಿ ಲ್ಯಾಪ್‌ಟಾಪಿಗೆ ಸಿಗದಿದ್ದರೆ ತೊಂದರೆ ಲ್ಯಾಪ್‌ಟಾಪಿನ ಒಳಗಿದೆ. ಎರಡಕ್ಕೂ ಸಿಗದಿದ್ದರೆ ರೂಟರ್ ಇರುವ ಜಾಗದಲ್ಲಿ, ಇಲ್ಲವೇ ನಡುವಿನ ಗೋಡೆಯಲ್ಲಿ.

ಈಗ ಅಳತೆ. ಮೂಲೆಯಲ್ಲಿ ಕಾಣುವ ಆ ಮೂರು ನಾಲ್ಕು ಗೆರೆಗಳನ್ನು ನಂಬಬೇಡಿ, ಅವು ಬರೀ ಸಮಾಧಾನಕ್ಕೆ. ನಿಜವಾದ ಅಳತೆಗೆ ಡಿಬಿಎಂ ಅಂತಾರೆ. ಅದು ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. ಮೈನಸ್ 50 ಅಂದರೆ ಬಹಳ ಚೆನ್ನ. ವಿಡಿಯೋ ಕಾಲಿಗೆ ಮೈನಸ್ 67ರ ಆಸುಪಾಸು ಇರಲೇಬೇಕು. 75 ದಾಟಿದರೆ ನರಳಾಟ ಶುರು, 80 ದಾಟಿದರೆ ಮೇಲ್ ತೆರೆಯುವುದೂ ಕಷ್ಟ. ಈ ಲೆಕ್ಕ ನಮ್ಮ ರೂಪಾಯಿ ಪೈಸೆ ಲೆಕ್ಕದ ಹಾಗಲ್ಲ. ಮೂರು ಇಳಿದರೆ ಸಿಗ್ನಲಿನ ಶಕ್ತಿ ಅರ್ಧ, ಹತ್ತು ಇಳಿದರೆ ಹತ್ತರಲ್ಲಿ ಒಂದು ಭಾಗ. ಹಾಗಾಗಿ ನಾಲ್ಕೈದು ಅಂಕಿ ಸುಧಾರಿಸಿದರೂ ಅದು ಸಣ್ಣದಲ್ಲ.

ಮ್ಯಾಕ್ ಇದ್ದವರು ಕೀಬೋರ್ಡಿನ ಆಪ್ಷನ್ ಕೀ ಒತ್ತಿ ಹಿಡಿದು ಮೇಲಿನ ವೈಫೈ ಚಿಹ್ನೆ ಕ್ಲಿಕ್ ಮಾಡಿ, ಆರ್‌ಎಸ್‌ಎಸ್‌ಐ ಅಂತ ಒಂದು ಸಾಲು ಕಾಣುತ್ತದೆ, ಅದೇ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್‌ಎಸ್‌ಎಚ್, ಡಬ್ಲ್ಯುಲ್ಯಾನ್, ಶೋ, ಇಂಟರ್‌ಫೇಸಸ್ ಅನ್ನುವ ನಾಲ್ಕು ಪದ ಇಂಗ್ಲಿಷಿನಲ್ಲಿ ಜಾಗ ಬಿಟ್ಟು ಬಿಟ್ಟು (netsh wlan show interfaces) ಟೈಪ್ ಮಾಡಿ ಎಂಟರ್ ಒತ್ತಿ. ಹೊಸ ವಿಂಡೋಸ್ 11 ಆದರೆ ಲೊಕೇಶನ್ ಆನ್ ಮಾಡಿ ಅಂತ ತಕರಾರು ತೆಗೆಯುತ್ತದೆ, ಮಾಡಿ. ಬರುವ ಪಟ್ಟಿಯಲ್ಲಿ ಸಿಗ್ನಲ್ ಅಂತ ಶೇಕಡಾ ಇರುತ್ತದೆ. ಅದನ್ನು ಅರ್ಧ ಮಾಡಿ ನೂರರಿಂದ ಕಳೆದು ಮುಂದೆ ಮೈನಸ್ ಹಾಕಿದರೆ ಹತ್ತಿರ ಹತ್ತಿರ ಡಿಬಿಎಂ. 66 ಇದ್ದರೆ ಅರ್ಧ 33, ನೂರರಲ್ಲಿ ಕಳೆದರೆ 67. ಅಷ್ಟೇ.

ಇನ್ನು ಲ್ಯಾಪ್‌ಟಾಪನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಮನೆಯೆಲ್ಲ ನಡೆಯಿರಿ. ಒಂದೊಂದು ಕಡೆ ಅರ್ಧ ನಿಮಿಷ ನಿಂತು ಅಂಕಿ ಬರೆದುಕೊಳ್ಳಿ. ನಾನು ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದದ್ದು ಹೀಗೆ: ಸೋಫಾ 47, ಕಿಚನ್ ಬಾಗಿಲು 57, ಪ್ಯಾಸೇಜ್ 60, ಮಂಚದ ಈ ಕಡೆ 64, ನನ್ನ ಮೇಜು 77. ಎಲ್ಲಾ ಮೈನಸ್. ಮಂಚದ ಈ ಕಡೆಯಿಂದ ಮೇಜಿಗೆ ಇರುವುದು ಎರಡೇ ಹೆಜ್ಜೆ, ನಡುವೆ ಗೋಡೆಯೂ ಇಲ್ಲ. ಹಾಗಾದರೆ ಹದಿಮೂರು ಎಲ್ಲಿ ಹೋಯಿತು? ಮೇಜಿನಲ್ಲಿ ಕೂತು ರೂಟರ್ ಇರುವ ದಿಕ್ಕಿಗೆ ನೋಡಿದೆ. ಕಣ್ಣೆದುರಿಗೆ ಕಂಡದ್ದು ಮದುವೆಯಲ್ಲಿ ಬಂದ ಸ್ಟೀಲ್ ಕಪಾಟು, ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ಆರೂವರೆ ಅಡಿ ಲೋಹದ ಗೋಡೆ ಅದು. ಲೋಹ ಈ ಅಲೆಗಳನ್ನು ಒಳಗೆ ಬಿಡುವುದೇ ಇಲ್ಲ, ವಾಪಸ್ ಎಸೆಯುತ್ತದೆ. ಕನ್ನಡಿಯ ಹಿಂದಿನ ಲೇಪವೂ ಹಾಗೇ. ಮುಂಬೈ ಮನೆಗಳಲ್ಲಿ ಇಂಥ ಅಡ್ಡಗಾಲು ಇನ್ನೂ ಇವೆ: ಫ್ರಿಜ್, ಕಬ್ಬಿಣದ ಸರಳು ತುಂಬಿದ ಕಾಂಕ್ರೀಟ್ ಕಂಬ, ನೀರು ಬಾರದ ದಿನಕ್ಕೆ ಅಂತ ತುಂಬಿಟ್ಟ ಇನ್ನೂರು ಲೀಟರಿನ ಡ್ರಮ್ಮು. ನೀರು ಈ ಅಲೆಗಳನ್ನು ಚೆನ್ನಾಗಿ ಹೀರುತ್ತದೆ, ಮೀನಿನ ತೊಟ್ಟಿಯ ಹಿಂದೆ ರೂಟರ್ ಇಟ್ಟವರು ನೆನಪಿಡಿ.

ಕಪಾಟು ಸರಿಸೋಣ ಅಂದರೆ ಒನ್ ಬಿಎಚ್‌ಕೆಯಲ್ಲಿ ಎಲ್ಲಿಗೆ ಸರಿಸೋದು? ಹಾಗಾಗಿ ರೂಟರನ್ನೇ ಏಳಿಸಿದೆ. ಫೈಬರ್ ಹಾಕಲು ಬಂದ ಹುಡುಗ ತನಗೆ ಸುಲಭ ಅಂತ ಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡಿನ ಹಿಂದೆ, ನೆಲದಿಂದ ಒಂದು ಅಡಿ ಎತ್ತರಕ್ಕೆ ಬಡಿದು ಹೋಗಿದ್ದ. ನಾವೂ ಮರೆಯಲ್ಲಿದೆ, ಕಣ್ಣಿಗೆ ಕಾಣೋದಿಲ್ಲ ಅಂತ ಖುಷಿಪಟ್ಟಿದ್ದೆವು. ಕಣ್ಣಿಗೆ ಕಾಣದ ಕಡೆ ಇಟ್ಟರೆ ಲ್ಯಾಪ್‌ಟಾಪಿಗೂ ಕಾಣೋದಿಲ್ಲ ಅಲ್ವಾ. ಕೇಬಲ್‌ವಾಲಾಗೆ ಹೇಳಿ ಉದ್ದನೆಯ ಪ್ಯಾಚ್ ಕಾರ್ಡ್, ಅಂದರೆ ರೂಟರಿಗೆ ಚುಚ್ಚುವ ಫೈಬರ್ ತಂತಿ, ಹಾಕಿಸಿ ಅದನ್ನು ಹಾಲಿನ ಒಳಗೋಡೆಗೆ, ಆರಡಿ ಮೇಲೆ, ಪ್ಯಾಸೇಜ್ ಕಾಣುವ ಹಾಗೆ ಕೂರಿಸಿದೆವು. ಮೇಜಿನಲ್ಲಿ 77 ಇದ್ದದ್ದು 65ಕ್ಕೆ ಬಂತು. ಖರ್ಚು ಮುನ್ನೂರು ರೂಪಾಯಿ, ಒಂದು ಕಪ್ ಚಹಾ. ಈ ಕೆಲಸ ನೀವೇ ಮಾಡಲು ಹೋದರೆ ಒಂದು ಎಚ್ಚರ: ಫೈಬರ್ ತಂತಿಯನ್ನು ಕರೆಂಟ್ ವೈರಿನ ಹಾಗೆ ಮೂಲೆಯಲ್ಲಿ ಮಡಚಬೇಡಿ. ಒಳಗಿರುವುದು ಗಾಜಿನ ಎಳೆ, ಬೆಳಕು ಸೋರಿಹೋಗುತ್ತದೆ ಇಲ್ಲವೇ ಎಳೆಯೇ ಮುರಿಯುತ್ತದೆ, ಕೆಂಪು ದೀಪ ಮಿನುಗಲು ಶುರುವಾಗುತ್ತದೆ.

ರೂಟರಿನ ಕೋಲುಗಳ, ಅಂದರೆ ಆಂಟೆನಾಗಳ, ಬಗ್ಗೆ. ನೆಟ್ಟಗೆ ನಿಂತ ಕೋಲಿನಿಂದ ಸಿಗ್ನಲ್ ಉದ್ದಿನ ವಡೆಯ ಆಕಾರದಲ್ಲಿ ಹರಡುತ್ತದೆ, ಕೋಲು ವಡೆಯ ತೂತಿನಲ್ಲಿ ನಿಂತ ಹಾಗೆ. ಅಂದರೆ ಅಕ್ಕಪಕ್ಕಕ್ಕೆ ಜಾಸ್ತಿ, ಕೋಲಿನ ತುದಿಯ ದಿಕ್ಕಿಗೆ ಬಹಳ ಕಡಿಮೆ. ಬೇಕಾದ ರೂಮಿನ ಕಡೆ ಕೋಲನ್ನು ಬಂದೂಕಿನ ಹಾಗೆ ಗುರಿ ಇಡುವವರು ತಿರುಗಾಮುರುಗಾ ಮಾಡುತ್ತಿದ್ದಾರೆ. ಒಂದೇ ಮಹಡಿಯ ಮನೆಗೆ ನೆಟ್ಟಗೇ ಇರಲಿ. ಗೋವಾದ ಹಳೇ ಮನೆಗಳ ಹಾಗೆ ಮೇಲೆ ಇನ್ನೊಂದು ಅಂತಸ್ತಿದ್ದರೆ ಒಂದು ಕೋಲನ್ನು ಅಡ್ಡ ಮಲಗಿಸಿ.

ಲ್ಯಾಪ್‌ಟಾಪಿಗೂ ಕೋಲುಗಳಿವೆ, ಹೊರಗೆ ಕಾಣುವುದಿಲ್ಲ ಅಷ್ಟೇ. ಹೆಚ್ಚಿನವುಗಳಲ್ಲಿ ಸ್ಕ್ರೀನಿನ ಸುತ್ತಲಿನ ಅಂಚಿನಲ್ಲಿ, ಕೆಲವುಗಳಲ್ಲಿ ಮಡಚುವ ಕೀಲಿನ ಹತ್ತಿರ ಎರಡು ಆಂಟೆನಾ ಅಂಟಿಸಿರುತ್ತಾರೆ. ಲ್ಯಾಪ್‌ಟಾಪ್ ಮುಚ್ಚಿಟ್ಟು ಹೊರಗಿನ ಮಾನಿಟರ್ ನೋಡುವವರಿಗೆ ಸಿಗ್ನಲ್ ಕುಗ್ಗಲು ಇದೂ ಒಂದು ಕಾರಣ. ಇನ್ನೊಂದು ತಮಾಷೆ ಇದೆ. ವೈಫೈ ಸಾಮಾನ್ಯವಾಗಿ ಎರಡು ಬ್ಯಾಂಡಿನಲ್ಲಿ, ಅಂದರೆ ಎರಡು ಬಗೆಯ ರೇಡಿಯೋ ಅಲೆಗಳಲ್ಲಿ ಓಡುತ್ತದೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಗೋಡೆಗೆ ಬಡಿದು ಬಂದ ಅಲೆ, ನೇರ ಬಂದ ಅಲೆ ಎರಡೂ ಒಂದು ಜಾಗದಲ್ಲಿ ಸೇರಿದರೆ ಕೂಡಿಕೊಳ್ಳುತ್ತವೆ, ಕೆಲವೇ ಸೆಂಟಿಮೀಟರ್ ಆಚೆ ಒಂದನ್ನೊಂದು ಹೊಡೆದುಹಾಕುತ್ತವೆ. ಆದ್ದರಿಂದ ಲ್ಯಾಪ್‌ಟಾಪನ್ನು ನಾಲ್ಕು ಬೆರಳಷ್ಟು ಎಡಕ್ಕೆ ಸರಿಸಿ ನೋಡಿ, ಸ್ವಲ್ಪ ತಿರುಗಿಸಿ ನೋಡಿ. ಹುಚ್ಚು ಅನ್ನಿಸಿದರೂ ಅಂಕಿ ಐದಾರು ಏರಿಳಿಯುವುದು ಕಣ್ಣಿಗೇ ಕಾಣುತ್ತದೆ.

ನನಗೆ ಅತಿ ಹೆಚ್ಚು ತಲೆ ತಿಂದದ್ದು ಬೇರೆಯೇ. ಎಲ್ಲ ಸರಿಯಾದ ಮೇಲೂ ಭಾನುವಾರ ಮಾತ್ರ ವೈಫೈ ಸಾಯುತ್ತಿತ್ತು. ಅಂಕಿ ನೋಡಿದರೆ 65, ಆದರೂ ಪುಟ ತೆರೆಯುವುದಿಲ್ಲ. ಭಾನುವಾರ ನಾನು ಮಾಡುತ್ತಿದ್ದ ಹೆಚ್ಚುವರಿ ಕೆಲಸ ಒಂದೇ, ಫೋಟೋಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕುವುದು. ಯುಎಸ್‌ಬಿ 3.0 ತಂತಿಯಲ್ಲಿ ಡೇಟಾ ಓಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಹೊರಬೀಳುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದರ ಮೇಲೆ ಒಂದು ವರದಿ ಬಿಟ್ಟಿತ್ತು. ಡಿಸ್ಕನ್ನು ಉದ್ದ ತಂತಿ ಹಾಕಿ ದೂರ ಇಡಿ, ಇಲ್ಲವೇ ಆ ಹೊತ್ತಿಗೆ 5 ಗಿಗಾಹರ್ಟ್ಸ್‌ಗೆ ಹೋಗಿ. ವೈರ್‌ಲೆಸ್ ಮೌಸ್ ಎಡವುತ್ತಿದ್ದರೂ ಇದೇ ಕಾರಣ ಇರಬಹುದು. ಮೈಕ್ರೋವೇವ್ ಓವನ್ ಕೂಡ ಅದೇ ಜಾಗದಲ್ಲಿ, 2.45ರಲ್ಲಿ, ಕೆಲಸ ಮಾಡುತ್ತದೆ, ಸ್ವಲ್ಪ ಸೋರುತ್ತದೆ. ಚಪಾತಿ ಬಿಸಿ ಮಾಡುವ ಎರಡು ನಿಮಿಷ ಮೀಟಿಂಗ್ ತಡವರಿಸಿದರೆ ಗಾಬರಿ ಬೇಡ.

5 ಗಿಗಾಹರ್ಟ್ಸ್ ಮಾತು ಬಂತಲ್ಲ. 2.4 ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ನಿಧಾನ. 5 ವೇಗ, ಆದರೆ ಗೋಡೆಗೆ ಬೇಗ ಸೋಲುತ್ತದೆ. ಇದನ್ನು ಓದಿದವರು 2.4ರಲ್ಲೇ ಇರುತ್ತೇನೆ ಅನ್ನುತ್ತಾರೆ. ಆದರೆ ನಮ್ಮ ಬಿಲ್ಡಿಂಗಿನಲ್ಲಿ ವೈಫೈ ಪಟ್ಟಿ ತೆರೆದರೆ ಮೂವತ್ತೊಂದು ಹೆಸರು, ಎದುರು ವಿಂಗಿನದೂ ಸೇರಿ. ಗೋಡೆ ದಾಟುವುದು ನಮ್ಮ 2.4 ಒಂದೇ ಅಲ್ಲ, ಆ ಮೂವತ್ತು ಜನರದ್ದೂ ದಾಟಿ ಬರುತ್ತದೆ. ಸಂಜೆ ಏಳರ ಡೊಂಬಿವಲಿ ಲೋಕಲ್ ರೈಲಿನ ಥರ, ಬಾಗಿಲವರೆಗೂ ನೇತಾಡುವ ಜನ. 5 ಗೋಡೆಗೆ ಸೋಲುವುದರಿಂದ ಪಕ್ಕದವರದ್ದು ನಿಮ್ಮ ತನಕ ಅಷ್ಟಾಗಿ ಬರುವುದಿಲ್ಲ. ಸಣ್ಣ ಫ್ಲ್ಯಾಟ್ ಆದರೆ 5ನ್ನೇ ಹಿಡಿಯಿರಿ, ಮೈನಸ್ 70ರ ಒಳಗಿದ್ದರೆ ಸಾಕು. ರೂಟರಿನ ಸೆಟ್ಟಿಂಗಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟರೆ ಲ್ಯಾಪ್‌ಟಾಪ್ ತನ್ನಿಷ್ಟದಂತೆ ಅಲ್ಲಿಗೆ ಇಲ್ಲಿಗೆ ಜಿಗಿಯುವುದಿಲ್ಲ. 2.4 ಅನಿವಾರ್ಯ ಅಂದರೆ ಅದರೊಳಗಿನ ಹಾದಿಗಳಾದ ಚಾನೆಲ್ 1, 6, 11ರಲ್ಲಿ ಯಾವುದರಲ್ಲಿ ಜನ ಕಡಿಮೆಯೋ ಅದನ್ನು ಆರಿಸಿ, ಅಗಲ 20 ಮೆಗಾಹರ್ಟ್ಸ್‌ಗೆ ಇಡಿ. ಆ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ನಡುವೆ 3ನೇ ಚಾನೆಲ್ ಖಾಲಿ ಕಂಡಿತು ಅಂತ ಹೋಗಿ ಕೂತರೆ 1 ಮತ್ತು 6 ಎರಡೂ ಕಡೆಯವರ ಜೊತೆ ಜಗಳ.

ವಿಂಡೋಸ್ ಒಳಗೆ ಸುಮ್ನೆ ಎರಡು ಕಡೆ ನೋಡಿ. ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರ್ ತೆರೆದು ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ, ಕರೆಂಟ್ ಉಳಿಸಲು ಈ ಸಾಧನ ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಅಡ್ವಾನ್ಸ್ಡ್‌ನಲ್ಲಿ ಪ್ರಿಫರ್ಡ್ ಬ್ಯಾಂಡ್ ಇದ್ದರೆ 5 ಕೊಡಿ. ಡ್ರೈವರನ್ನು, ಅಂದರೆ ಆ ಅಡಾಪ್ಟರನ್ನು ನಡೆಸುವ ಸಾಫ್ಟ್‌ವೇರನ್ನು, ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ಹಾಕಿಕೊಳ್ಳಿ. ಸಿಗ್ನಲ್ ಬೂಸ್ಟರ್ ಅಂತ ಸಿಗುವ ಸಾಫ್ಟ್‌ವೇರ್ ಎಲ್ಲ ಬೊಗಳೆ, ಆಂಟೆನಾಗೆ ಬರದ ಸಿಗ್ನಲನ್ನು ಯಾವ ಸಾಫ್ಟ್‌ವೇರೂ ಹುಟ್ಟಿಸುವುದಿಲ್ಲ.

ಫೋನಿಗೆ ಸಿಕ್ಕಿ ಲ್ಯಾಪ್‌ಟಾಪಿಗೆ ಮಾತ್ರ ಸಿಗದವರ ಕಥೆ ಬೇರೆ. ಪುಣೆಯ ಕೋಥ್ರೂಡಿನಲ್ಲಿರುವ ನನ್ನ ತಂಗಿ ಫೋನ್ ಮಾಡಿ, "ಅಣ್ಣ, ರೂಟರ್ ತೊಡೆ ಮೇಲಿಟ್ಟುಕೊಂಡರೂ ಎರಡೇ ಗೆರೆ" ಅಂದಳು. ಇತ್ತೀಚೆಗೆ ಎಲ್ಲಾದರೂ ರಿಪೇರಿಗೆ ಕೊಟ್ಟಿದ್ದೆಯಾ ಅಂತ ಕೇಳಿದೆ. "ಹೂಂ, ಹೋದ ತಿಂಗಳು ಕೀಬೋರ್ಡ್ ಹಾಕಿಸಿದೆ." ಅಲ್ಲಿಗೆ ಮುಗಿಯಿತು. ಮುಂದಿನ ಶನಿವಾರ ಹೋಗಿ ತಳ ಬಿಚ್ಚಿದೆ. ವೈಫೈ ಕಾರ್ಡು ಎರಡು ಬೆರಳಗಲದ ಹಸಿರು ತುಂಡು. ಅದಕ್ಕೆ ಆಂಟೆನಾದಿಂದ ಬಂದ ಒಂದು ಕಪ್ಪು, ಒಂದು ಬಿಳಿ ತಂತಿ ಕಚ್ಚಿಕೊಂಡಿರಬೇಕು. ಕಪ್ಪು ಇತ್ತು. ಬಿಳಿಯದು ಬಿಟ್ಟುಹೋಗಿ ಪಕ್ಕದಲ್ಲಿ ಮಲಗಿತ್ತು, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚಿನ್ನದ ಬಣ್ಣದ ಬಿಲ್ಲೆ. ಅದನ್ನು ನೇರ ಗುಂಡಿಯ ಮೇಲಿಟ್ಟು ಉಗುರಿನಿಂದ ಒತ್ತಿದರೆ ಟಕ್ ಅನ್ನುತ್ತದೆ. ಓರೆ ಇಟ್ಟು ಒತ್ತಿದರೆ ಚಪ್ಪಟೆಯಾಗಿ ಹೋಗುತ್ತದೆ, ನಿಧಾನ. ಮೊದಲು ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಪಿನ್ ಬಿಡಿಸಿಕೊಳ್ಳಿ. ವಾರಂಟಿ ಇದ್ದರೆ ಕೈ ಹಾಕಬೇಡಿ, ರಿಪೇರಿ ಮಾಡಿದವನ ಹತ್ತಿರವೇ ಹೋಗಿ ಜಗಳ ಮಾಡಿ.

ಲ್ಯಾಪ್‌ಟಾಪ್ ಬಹಳ ಹಳೆಯದು, 5 ಹಿಡಿಯುವುದೇ ಇಲ್ಲ ಅಂದರೆ ಯುಎಸ್‌ಬಿ ವೈಫೈ ಅಡಾಪ್ಟರ್ ತನ್ನಿ. ಕಡ್ಡಿ ಆಂಟೆನಾ ಇರುವ, ಎರಡೂ ಬ್ಯಾಂಡ್ ಹಿಡಿಯುವ ಜಾತಿಯದ್ದು. ನೇರ ಲ್ಯಾಪ್‌ಟಾಪಿಗೆ ಚುಚ್ಚದೆ ಒಂದೆರಡು ಮೀಟರಿನ ಎಕ್ಸ್‌ಟೆನ್ಷನ್ ತಂತಿ ಹಾಕಿ ಕಪಾಟಿನ ನೆತ್ತಿಯ ಮೇಲೋ, ಬಾಗಿಲ ಚೌಕಟ್ಟಿಗೋ ಏರಿಸಿ. ಲ್ಯಾಪ್‌ಟಾಪ್ ಇದ್ದಲ್ಲೇ ಇರುತ್ತದೆ, ಆಂಟೆನಾ ಮಾತ್ರ ಸಿಗ್ನಲ್ ಇರುವಲ್ಲಿಗೆ ಹೋಗುತ್ತದೆ.

ಎಕ್ಸ್‌ಟೆಂಡರ್ ಬೇಕೇ ಬೇಕು ಅಂದರೆ ಅದನ್ನು ಸಿಗ್ನಲ್ ಸತ್ತ ಜಾಗದಲ್ಲಿ ಇಡಬೇಡಿ, ನಾನು ಮಾಡಿದ್ದು ಅದೇ. ಅದು ತನಗೆ ಸಿಕ್ಕಿದ್ದನ್ನೇ ಮುಂದೆ ಕೊಡುತ್ತದೆ. 60 ಆಸುಪಾಸು ಇರುವ ಕಡೆ, ನಮ್ಮಲ್ಲಾದರೆ ಪ್ಯಾಸೇಜಿನಲ್ಲಿ, ಇಡಬೇಕಿತ್ತು. ಒಂದೇ ಬ್ಯಾಂಡಿನದ್ದಾದರೆ ಕೇಳುವುದಕ್ಕೂ ಹೇಳುವುದಕ್ಕೂ ಅದೇ ಬಾಯಿ, ವೇಗ ಅರ್ಧಕ್ಕೆ ಬೀಳುತ್ತದೆ.

ಇಷ್ಟೆಲ್ಲ ಮಾಡಿಯೂ ಇಂಟರ್‌ವ್ಯೂ ಥರದ ದಿನ ನಾನು ವೈಫೈಯನ್ನೇ ನಂಬುವುದಿಲ್ಲ. ಹದಿನೈದು ಮೀಟರಿನ ಚಪ್ಪಟೆ ಲ್ಯಾನ್ ಕೇಬಲ್ ಒಂದು ಮೇಜಿನ ಡ್ರಾಯರಿನಲ್ಲಿದೆ. ಬಾಗಿಲ ಕೆಳಗೆ ತೂರಿಸಿ ಗೋಡೆ ಪಕ್ಕ ಹಾಸುತ್ತೇನೆ, ಕಿಚನ್ ಎದುರು ಮಾತ್ರ ಕಾಲೊರೆಸುವ ಮ್ಯಾಟ್ ಮುಚ್ಚುತ್ತೇನೆ. ಒಮ್ಮೆ ಮುಚ್ಚುವುದು ಮರೆತು ಹೆಂಡತಿ ಸಾಂಬಾರಿನ ಪಾತ್ರೆ ಹಿಡಿದುಕೊಂಡೇ ಎಡವಿದ್ದಳು.