ಹಳೆಯ ರಾಜ್ಯ ಶಿಕ್ಷೆ, ಹೊಸ ಫೆಡರಲ್ ಪ್ರಕರಣ: ಲೆಕ್ಕ ಹಾಕುವುದು ಹೇಗೆ?

ಅಮೆರಿಕದಲ್ಲಿ ರಾಜ್ಯ ಕೋರ್ಟು ಕೊಟ್ಟ ಶಿಕ್ಷೆ ಅನುಭವಿಸಿ ಮುಗಿಸಿದವರ ಮೇಲೆ ಮುಂದೆ ಫೆಡರಲ್ (ಕೇಂದ್ರ ಸರ್ಕಾರದ ಕಾನೂನಿನ) ಕೇಸು ಬಿದ್ದರೆ ಹಳೆಯ ಕಡತ ಮತ್ತೆ ಬಿಚ್ಚಿಕೊಳ್ಳುತ್ತದೆ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರು ಬಂದೂಕು ಇಟ್ಟುಕೊಂಡರೆ ಈಗ ಗರಿಷ್ಠ 15 ವರ್ಷ ಜೈಲು. ಹಿಂಸಾತ್ಮಕ ಅಥವಾ ಗಂಭೀರ ಮಾದಕವಸ್ತು ಅಪರಾಧಗಳಲ್ಲಿ ಹಿಂದೆ ಮೂರು ಸಲ ಶಿಕ್ಷೆಯಾಗಿದ್ದರೆ, 'ಆರ್ಮ್ಡ್ ಕರಿಯರ್ ಕ್ರಿಮಿನಲ್ ಆ್ಯಕ್ಟ್' ಪ್ರಕಾರ ಕನಿಷ್ಠವೇ 15 ವರ್ಷ. ನ್ಯಾಯಾಧೀಶರಿಗೆ ಕರುಣೆ ಬಂದರೂ ಸಾಮಾನ್ಯವಾಗಿ ಅದಕ್ಕಿಂತ ಇಳಿಸಲಾಗದು.

ಮೊದಲು ಹಳೆಯ ಕೇಸುಗಳ ಆರೋಪಪಟ್ಟಿ, ತಪ್ಪೊಪ್ಪಿಗೆ ಒಪ್ಪಂದ, ತೀರ್ಪುಗಳ ದೃಢೀಕೃತ ನಕಲು ತರಿಸಿಕೊಳ್ಳಿ. ನೆನಪನ್ನು ನಂಬಬೇಡಿ.

ನಂತರ ಆ ರಾಜ್ಯದ ಸೆಕ್ಷನ್ ಓದಿ. ಅಂದು ಏನು ನಡೆಯಿತು ಎಂಬುದಕ್ಕಿಂತ ಕಾನೂನಿನ ಅಕ್ಷರ ಇಲ್ಲಿ ದೊಡ್ಡದು. ಈ ಕಾಯ್ದೆ ಕನ್ನಗಳವನ್ನೂ ಹಿಂಸಾತ್ಮಕ ಅಪರಾಧವೆಂದೇ ಎಣಿಸುತ್ತದೆ. ಆದರೆ ಫೆಡರಲ್ ಲೆಕ್ಕದಲ್ಲಿ ಕನ್ನಗಳವು ಎಂದರೆ ಕಟ್ಟಡಕ್ಕೆ ನುಗ್ಗುವುದು. ಅಯೋವಾ ರಾಜ್ಯದ ಕಾನೂನು ವಾಹನ, ದೋಣಿಗಳನ್ನೂ ಅದೇ ಅಪರಾಧದೊಳಗೆ ಸೇರಿಸಿತ್ತು. ಆರೋಪಿ ಮನೆಗೇ ನುಗ್ಗಿದ್ದರೂ ಅಲ್ಲಿನ ಶಿಕ್ಷೆ ಲೆಕ್ಕಕ್ಕಿಲ್ಲ ಎಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದು ತಾಂತ್ರಿಕ ನೆಪವಲ್ಲ. ಒಂದು ಪದದ ಮೇಲೆ ಮನುಷ್ಯನ ಹತ್ತಾರು ವರ್ಷ ನಿಂತಿರುತ್ತದೆ.

ಮೂರನೆಯದು, ಸಂದರ್ಭಗಳ ಎಣಿಕೆ. ಆ ಮೂರೂ ಅಪರಾಧಗಳು ಬೇರೆಬೇರೆ ಸಂದರ್ಭಗಳಲ್ಲಿ ನಡೆದಿರಬೇಕು. 1997ರಲ್ಲಿ ಜಾರ್ಜಿಯಾದಲ್ಲಿ ವೂಡನ್ ಎಂಬಾತ ಮತ್ತು ಸಂಗಡಿಗರು ಒಂದೇ ರಾತ್ರಿ, ಒಂದೇ ಗೋದಾಮಿನಲ್ಲಿ ಗೋಡೆ ಒಡೆಯುತ್ತ ಹತ್ತು ಕೋಣೆಗಳಿಗೆ ಕನ್ನ ಹಾಕಿದ್ದರು. ವರ್ಷಗಳ ನಂತರ ಬಂದೂಕಿನ ಕೇಸಿನಲ್ಲಿ ಆ ಹತ್ತನ್ನೂ ಬೇರೆಬೇರೆಯಾಗಿ ಎಣಿಸಿ ಅವನಿಗೆ 188 ತಿಂಗಳು ವಿಧಿಸಲಾಯಿತು. ಅದು ಒಂದೇ ಸಂದರ್ಭ ಎಂದು 2022ರಲ್ಲಿ ಸುಪ್ರೀಂ ಕೋರ್ಟು ತಿದ್ದಿತು. ಎರ್ಲಿಂಗರ್ ಎಂಬಾತನ ಕೇಸಿನಲ್ಲಿ 2024ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ನಂತರ ಇದನ್ನು ನ್ಯಾಯಾಧೀಶರೊಬ್ಬರೇ ತೀರ್ಮಾನಿಸುವಂತಿಲ್ಲ. ಆರೋಪಿ ಒಪ್ಪಿಕೊಳ್ಳದಿದ್ದರೆ ಜ್ಯೂರಿಯೇ (ಸಾಮಾನ್ಯ ನಾಗರಿಕರ ತೀರ್ಪುಗಾರರ ಮಂಡಳಿ) ಒಮ್ಮತದಿಂದ ಹೇಳಬೇಕು.

ಮಾದಕವಸ್ತು ಮಾರಾಟದ ಹಳೆಯ ಕೇಸಾದರೆ ಎಷ್ಟು ದಿನ ಒಳಗಿದ್ದಿರಿ ಎಂದು ಬಂದೂಕಿನ ಈ ಕಾಯ್ದೆ ಕೇಳುವುದಿಲ್ಲ. ಕಾನೂನಿನಲ್ಲಿ ಗರಿಷ್ಠ ಶಿಕ್ಷೆ 10 ವರ್ಷ ಅಥವಾ ಹೆಚ್ಚಿದ್ದರೆ ಸಾಕು. ಆದರೆ ಹೊಸ ಕೇಸು ದೊಡ್ಡ ಪ್ರಮಾಣದ ಮಾದಕವಸ್ತು ಸಾಗಣೆಯದ್ದಾಗಿದ್ದರೆ ನಿಯಮ ಬೇರೆ: 2018ರ 'ಫಸ್ಟ್ ಸ್ಟೆಪ್ ಆ್ಯಕ್ಟ್' ನಂತರ, ಹಳೆಯ ಮಾದಕವಸ್ತು ಶಿಕ್ಷೆಗಳ ಪೈಕಿ 12 ತಿಂಗಳಿಗೂ ಹೆಚ್ಚು ಜೈಲಿನಲ್ಲಿ ಕಳೆದು, ಹೊಸ ಅಪರಾಧ ಶುರುವಾಗುವ ಹೊತ್ತಿಗೆ ಹೊರಬಂದು 15 ವರ್ಷ ದಾಟದವು ಮಾತ್ರ ಲೆಕ್ಕಕ್ಕೆ. ಅಂಥದ್ದೊಂದಿದ್ದರೆ 10 ವರ್ಷದ ಕನಿಷ್ಠ 15 ಆಗುತ್ತದೆ, ಎರಡಿದ್ದರೆ 25. ವಿಚಾರಣೆ ಅಥವಾ ತಪ್ಪೊಪ್ಪಿಗೆಗೆ ಮುನ್ನವೇ ಸರ್ಕಾರಿ ವಕೀಲರು ಆ ಹಳೆಯ ಶಿಕ್ಷೆಯ ವಿವರವನ್ನು ಕೋರ್ಟಿಗೆ ಲಿಖಿತವಾಗಿ ಸಲ್ಲಿಸಿರಬೇಕು. ಆ ದಿನಾಂಕ ನೋಡಿಕೊಳ್ಳಿ.

ಕೊನೆಗೆ, ಶಿಕ್ಷೆಗೆ ಮುಂಚೆ ಪ್ರೊಬೇಷನ್ ಅಧಿಕಾರಿಯ (ಆರೋಪಿಯ ಹಿನ್ನೆಲೆ ತನಿಖೆ ಮಾಡುವ ಕೋರ್ಟಿನ ಅಧಿಕಾರಿ) ವರದಿ ಕೈಸೇರುತ್ತದೆ. ಹಳೆಯ ಕೇಸುಗಳೆಲ್ಲ ಅದರಲ್ಲಿರುತ್ತವೆ. ಒಂದೊಂದು ಸಾಲನ್ನೂ ನಿಮ್ಮಲ್ಲಿರುವ ನಕಲಿನ ಪಕ್ಕದಲ್ಲಿಟ್ಟು ವಕೀಲರ ಜೊತೆ ಕೂತು ಓದಿ. ಆಕ್ಷೇಪಣೆ ಸಲ್ಲಿಸಲು ಇರುವುದು 14 ದಿನ.