ಐದು ಸಂಖ್ಯೆ, ಒಂದು ಹಾಳೆ: ಮಾನಕ ವಿಚಲನೆ ಕೈಯಲ್ಲೇ ಮಾಡಿ ಕಲಿಯುವುದು

ಬಿ.ಕಾಂ., ಬಿ.ಎ. ಅರ್ಥಶಾಸ್ತ್ರದ ಮೊದಲ ವರ್ಷದಲ್ಲಿ ಸಂಖ್ಯಾಶಾಸ್ತ್ರ ಕೈಕೊಡುವುದು ಹೆಚ್ಚಾಗಿ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಮಾನಕ ವಿಚಲನೆ ಬಂದಾಗ. ಸೂತ್ರ ಬಾಯಿಗೆ ಬಂದಿರುತ್ತದೆ, ಅದು ಏನನ್ನು ಅಳೆಯುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ಹಾಗಾಗಿ ಮೊದಲು ಸೂತ್ರ ಬದಿಗಿಟ್ಟು ಐದೇ ಸಂಖ್ಯೆ ತೆಗೆದುಕೊಳ್ಳಿ.

ಒಂದು ಕಿರಾಣಿ ಅಂಗಡಿಯ ಐದು ದಿನದ ವ್ಯಾಪಾರ, ಸಾವಿರ ರೂಪಾಯಿಗಳಲ್ಲಿ, ಹೀಗಿದೆ ಎಂದುಕೊಳ್ಳಿ: 12, 15, 11, 14, 48. ಕೊನೆಯದು ಹಬ್ಬದ ಹಿಂದಿನ ದಿನ. ಒಟ್ಟು 100, ಸರಾಸರಿ 20. ಏರಿಕೆ ಕ್ರಮದಲ್ಲಿ ಬರೆದರೆ ನಡುವೆ ನಿಲ್ಲುವ ಮಧ್ಯಾಂಕ 14. ಇಲ್ಲಿ ಸ್ವಲ್ಪ ನಿಲ್ಲಿ: ಐದರಲ್ಲಿ ನಾಲ್ಕು ದಿನದ ವ್ಯಾಪಾರ ಸರಾಸರಿಗಿಂತ ಕಡಿಮೆ. ಸರಾಸರಿಯನ್ನು ಮೇಲಕ್ಕೆ ಎಳೆದದ್ದು ಒಂದೇ ದಿನ.

ಈಗ ಪ್ರತಿ ಸಂಖ್ಯೆಯಿಂದ 20 ಕಳೆಯಿರಿ: −8, −5, −9, −6, +28. ಕೂಡಿದರೆ ಸೊನ್ನೆ. ಸೊನ್ನೆ ಬರದಿದ್ದರೆ ಮುಂದೆ ಹೋಗಬೇಡಿ, ಕಳೆಯುವಾಗಲೋ ಸರಾಸರಿ ತೆಗೆಯುವಾಗಲೋ ತಪ್ಪಾಗಿದೆ. ಕೂಡಿದರೆ ಯಾವಾಗಲೂ ಸೊನ್ನೆಯೇ ಬರುವುದರಿಂದ ಏರಿಳಿತ ಅಳೆಯಲು ಬೇರೆ ದಾರಿ ಬೇಕು. ಅದಕ್ಕೇ ವರ್ಗ ಮಾಡುವುದು. 64, 25, 81, 36, 784, ಒಟ್ಟು 990. ಐದರಿಂದ ಭಾಗಿಸಿದರೆ 198, ವರ್ಗಮೂಲ 14.07. ಇದೇ ಮಾನಕ ವಿಚಲನೆ.

ತಾಳೆ ನೋಡಲು ಇನ್ನೊಂದು ದಾರಿ: ಮೂಲ ಸಂಖ್ಯೆಗಳ ವರ್ಗಗಳನ್ನು ಕೂಡಿ (2990), ಐದರಿಂದ ಭಾಗಿಸಿ (598), ಸರಾಸರಿಯ ವರ್ಗ 400 ಕಳೆಯಿರಿ. ಮತ್ತೆ 198. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ: ವರ್ಗಗಳ ಮೊತ್ತ 2990 ಬರೆಯುವ ಜಾಗದಲ್ಲಿ ಮೊತ್ತದ ವರ್ಗ 10,000 ಬರೆದುಬಿಡುತ್ತಾರೆ.

ಭಾಗಿಸುವುದು ಐದರಿಂದಲೋ, ನಾಲ್ಕರಿಂದಲೋ? ನಿಮಗೆ ಬೇಕಿರುವುದು ಈ ಐದು ದಿನದ ಲೆಕ್ಕ ಮಾತ್ರ ಆದರೆ ಐದು. ಇವನ್ನು ಮಾದರಿಯಾಗಿಟ್ಟು ವರ್ಷವಿಡೀ ವ್ಯಾಪಾರದ ಏರಿಳಿತ ಅಂದಾಜಿಸುವುದಾದರೆ ನಾಲ್ಕು, ಆಗ 247.5, ವರ್ಗಮೂಲ 15.73. ಸರಾಸರಿಯನ್ನು ಇದೇ ಸಂಖ್ಯೆಗಳಿಂದ ತೆಗೆದಿದ್ದೇವಲ್ಲ, ಹಾಗಾಗಿ ನಾಲ್ಕು ವ್ಯತ್ಯಾಸ ಗೊತ್ತಾದರೆ ಐದನೆಯದು ತಾನೇ ನಿಗದಿಯಾಗುತ್ತದೆ. ಎಕ್ಸೆಲ್‌ನಲ್ಲೂ ಇದೇ ಗೊಂದಲ: ಕೊನೆಯಲ್ಲಿ 'ಪಿ' ಇರುವ ಸ್ಟ್ಯಾಂಡರ್ಡ್ ಡೀವಿಯೇಷನ್ ಫಂಕ್ಷನ್ 14.07 ಕೊಡುತ್ತದೆ, 'ಎಸ್' ಇರುವುದು 15.73.

ಕ್ಯಾಸಿಯೋ ಎಫ್‌ಎಕ್ಸ್-82ಎಂಎಸ್ ಕ್ಯಾಲ್ಕುಲೇಟರ್ ಬಳಸುವವರು ಮೋಡ್ ಒತ್ತಿ 2 ಒತ್ತಿ. ಹಳೆಯ ಲೆಕ್ಕ ಅಳಿಸಲು ಶಿಫ್ಟ್, ಮೋಡ್, 1, ಸಮ ಚಿಹ್ನೆ. ಇದನ್ನು ಮರೆತರೆ ಹಿಂದಿನ ಲೆಕ್ಕದ ಸಂಖ್ಯೆಗಳೂ ಸೇರಿಕೊಳ್ಳುತ್ತವೆ. ಪ್ರತಿ ಸಂಖ್ಯೆಯ ನಂತರ ಎಂ ಪ್ಲಸ್ ಒತ್ತಿ. ಐದನೆಯದಾದ ಮೇಲೆ ಪರದೆ 5 ಎಂದೇ ತೋರಿಸಬೇಕು.

ಈಗ 48 ತೆಗೆದುಹಾಕಿ ಮತ್ತೆ ಮಾಡಿ. ಸರಾಸರಿ 13, ವ್ಯತ್ಯಾಸಗಳು −1, 2, −2, 1, ಮಾನಕ ವಿಚಲನೆ 1.58. ಸರಾಸರಿಯ ಶೇಕಡಾವಾರಿನಲ್ಲಿ ಹೇಳಿದರೆ (ಇದೇ ವಿಚಲನ ಗುಣಾಂಕ) 70.4 ಇದ್ದದ್ದು 12.2ಕ್ಕೆ ಇಳಿಯಿತು. ಹಾಗೆಂದು 48ನ್ನು ಲೆಕ್ಕದಿಂದ ಕಿತ್ತುಹಾಕುವುದು ಸರಿಯಲ್ಲ, ಅದೂ ನಿಜವಾದ ವ್ಯಾಪಾರವೇ. ಹಬ್ಬದ ದಿನವನ್ನು ಬೇರೆಯಾಗಿ ತೋರಿಸಿ.

ಸಹಸಂಬಂಧಕ್ಕೆ (ಎರಡು ಸಂಗತಿಗಳು ಎಷ್ಟರ ಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಎಂಬ ಅಳತೆಗೆ) ಹೋದಾಗಲೂ ಈ ಒಂಟಿ ಸಂಖ್ಯೆಯ ಕಾಟ ತಪ್ಪುವುದಿಲ್ಲ. ಆದ್ದರಿಂದ ಲೆಕ್ಕಕ್ಕೆ ಮುಂಚೆ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡಿ. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ ಹನ್ನೊಂದು ಹನ್ನೊಂದು ಜೋಡಿಗಳ ನಾಲ್ಕು ಪಟ್ಟಿ ಕೊಟ್ಟರು. ನಾಲ್ಕರಲ್ಲೂ ಸಹಸಂಬಂಧ ಗುಣಾಂಕ ಸುಮಾರು 0.816, ಚಿತ್ರ ಮಾತ್ರ ಒಂದಕ್ಕೊಂದು ಹೋಲುವುದಿಲ್ಲ. ನಾಲ್ಕನೆಯದರಲ್ಲಿ ಎಕ್ಸ್ (ಜೋಡಿಯ ಮೊದಲ ಸಂಖ್ಯೆ) ಬೆಲೆ ಹತ್ತು ಸಲ 8, ಒಂದು ಸಲ 19. ಆ ಒಂದು ಚುಕ್ಕಿ ತೆಗೆದರೆ ಎಕ್ಸ್‌ನಲ್ಲಿ ಏರಿಳಿತವೇ ಉಳಿಯುವುದಿಲ್ಲ. ಸೂತ್ರದ ಛೇದ ಸೊನ್ನೆಯಾಗಿ ಗುಣಾಂಕ ತೆಗೆಯಲಿಕ್ಕೇ ಬರುವುದಿಲ್ಲ.